ಪಬ್ಲಿಶ್ ಫೋಲ್ಡರಿನ ಬೇಡದ ಫೈಲುಗಳು: ಡಾಟ್‌ನೆಟ್ ಅಪ್ಲಿಕೇಶನ್ ಕಳಿಸುವವರಿಗೊಂದು ಸಮಗ್ರ ಮಾರ್ಗದರ್ಶಿ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕುಳಿತು ನಾವು ನಾಲ್ಕು ಜನ ಅಡಿಕೆ ವ್ಯಾಪಾರದ ಲೆಕ್ಕ ಇಡುವ ಸಾಫ್ಟ್‌ವೇರ್ ಬರೆಯುತ್ತೇವೆ. ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಕೆಲವು ಸಂಘಗಳೂ ಮಂಡಿಗಳೂ ಅದನ್ನು ತಮ್ಮದೇ ಕಂಪ್ಯೂಟರಿನಲ್ಲಿ ಇಟ್ಟುಕೊಂಡು ಬಳಸುವುದರಿಂದ, ಪ್ರತಿ ಹೊಸ ಆವೃತ್ತಿಯೂ ಒಂದು ಜಿಪ್ ಫೈಲಾಗಿ ಘಟ್ಟದಂಚಿನ ಊರುಗಳಿಗೆ ಹೋಗಬೇಕಾಗುತ್ತದೆ. ಪುನರ್ವಸು ಮಳೆ ಹಿಡಿದು ಕೂತ ವಾರದಲ್ಲಿ ಆಗುಂಬೆ ಕಡೆಗೆ ಹೀಗೊಂದು ಜಿಪ್ ಕಳಿಸಿದವರಿಗೆ ಫೈಲಿನ ತೂಕ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ. 100 ಎಂಬಿ ಎಂದರೆ 800 ಮೆಗಾಬಿಟ್. ಸೆಕೆಂಡಿಗೆ 1 ಮೆಗಾಬಿಟ್ ಸಿಕ್ಕರೆ ಇಳಿಯಲು 13 ನಿಮಿಷಕ್ಕೂ ಹೆಚ್ಚು ಬೇಕು, ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ ಶುರು.

ಆದರೆ ಪಬ್ಲಿಶ್ ಫೋಲ್ಡರಿನಿಂದ, ಅಂದರೆ ಗಿರಾಕಿಗೆ ಕಳಿಸಲು ಸಿದ್ಧವಾದ ಫೈಲುಗಳ ಫೋಲ್ಡರಿನಿಂದ, ಬೇಡದ್ದನ್ನು ಹೊರಗಿಡಲು ಗಾತ್ರವೊಂದೇ ಕಾರಣವಲ್ಲ. ಬೇಡದ ಫೈಲುಗಳಲ್ಲಿ ಕೆಲವು ನಮ್ಮ ಪರೀಕ್ಷಾ ಡೇಟಾಬೇಸಿನ ಪಾಸ್‌ವರ್ಡನ್ನು ಹೊತ್ತು ಹೋಗುತ್ತವೆ, ಕೆಲವು ನಮ್ಮ ಲ್ಯಾಪ್‌ಟಾಪಿನ ಫೋಲ್ಡರುಗಳ ಹೆಸರನ್ನು ಹೊತ್ತು ಹೋಗುತ್ತವೆ, ಇನ್ನು ಕೆಲವು ಎರಡು ವರ್ಷದ ಹಿಂದೆ ಕೈಬಿಟ್ಟ ಲೈಬ್ರರಿಯ ಪಳೆಯುಳಿಕೆಗಳಾಗಿ ಉಳಿದು ಹೊಸ ದೋಷಕ್ಕೆ ಕಾರಣವಾಗುತ್ತವೆ. ಈ ಮಾರ್ಗದರ್ಶಿ ಮೈಕ್ರೋಸಾಫ್ಟಿನ ಪ್ರೋಗ್ರಾಮಿಂಗ್ ವೇದಿಕೆಯಾದ ಡಾಟ್‌ನೆಟ್‌ನ, 2023ರ ನವೆಂಬರಿನಲ್ಲಿ ಬಂದ 8ನೇ ಆವೃತ್ತಿ ಮತ್ತು ಅದರ ನಂತರದ ಆವೃತ್ತಿಗಳಲ್ಲಿ ಬರೆದ ಎಎಸ್‌ಪಿ ಡಾಟ್‌ನೆಟ್ ಕೋರ್ ವೆಬ್ ಅಪ್ಲಿಕೇಶನ್ನುಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡಿದೆ.

ಮೊದಲಿಗೇ ಒಂದು ನಿಯಮ ಹೇಳಿಬಿಡುತ್ತೇನೆ, ಮುಂದಿನ ಎಲ್ಲ ಹಂತಗಳೂ ಅದನ್ನೇ ಆಧರಿಸಿವೆ: ಪಬ್ಲಿಶ್ ಆಗಿ ಬಂದ ಫೋಲ್ಡರಿನಿಂದ ಯಾವ ಫೈಲನ್ನೂ ಕೈಯಿಂದ ಅಳಿಸಬಾರದು. ಅದನ್ನು ತಂದು ಹಾಕಿದವರು ಯಾರೆಂದು ಹುಡುಕಿ, ತರಬೇಡ ಎಂದು ಪ್ರಾಜೆಕ್ಟ್ ಫೈಲಿನಲ್ಲಿ ಬರೆಯಬೇಕು. ಕೈಯಿಂದ ಅಳಿಸಿದ್ದು ಮುಂದಿನ ಪಬ್ಲಿಶ್‌ನಲ್ಲಿ ತಿರುಗಿ ಬರುತ್ತದೆ. ಅಳಿಸಿದವರು ಅಂದು ರಜೆಯಲ್ಲಿದ್ದರೆ ಹಾಗೆಯೇ ಗಿರಾಕಿಗೂ ಹೋಗುತ್ತದೆ.

ಮುಂದೆ ಬರುವ ಪ್ರಾಪರ್ಟಿಗಳ, ಅಂದರೆ ಸೆಟ್ಟಿಂಗುಗಳ, ಹೆಸರುಗಳನ್ನು ಪ್ರಾಜೆಕ್ಟ್ ಫೈಲಿನಲ್ಲಿ (ಸಿಎಸ್‌ಪ್ರಾಜ್) ಬರೆಯುವಾಗ ಪದಗಳ ನಡುವೆ ಜಾಗ ಬಿಡದೆ, ಪ್ರತಿ ಪದದ ಮೊದಲ ಅಕ್ಷರವನ್ನು ದೊಡ್ಡಕ್ಷರವಾಗಿಟ್ಟು ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು.

ಹಂತ 1: ಖಾಲಿ ಜಾಗದಿಂದ ಪಬ್ಲಿಶ್ ಮಾಡಿ

ಡಾಟ್‌ನೆಟ್ ಪಬ್ಲಿಶ್ ಆಜ್ಞೆ ಔಟ್‌ಪುಟ್ ಫೋಲ್ಡರನ್ನು ಪೂರ್ತಿ ಗುಡಿಸುತ್ತದೆಂದು ನಂಬುವಂತಿಲ್ಲ. ಹೊಸ ಫೈಲುಗಳನ್ನು ಬರೆಯುತ್ತದೆ, ಇರುವವನ್ನು ಬದಲಿಸುತ್ತದೆ, ಆದರೆ ಹಿಂದಿನ ಸಲ ಬಂದು ಈ ಸಲ ಬಾರದಿರುವ ಫೈಲು ಅಲ್ಲಿಯೇ ಕುಳಿತಿರಬಹುದು. ಹಾಗಾಗಿ ಹಳೆಯ ಫೋಲ್ಡರನ್ನು ಇಟ್ಟುಕೊಂಡು ಯಾವ ಫೈಲು ಬೇಕು, ಯಾವುದು ಬೇಡ ಎಂದು ಯೋಚಿಸುವುದೇ ವ್ಯರ್ಥ. ಅದರಲ್ಲಿ ಅರ್ಧ ಫೈಲುಗಳಿಗೆ ಇಂದಿನ ಪ್ರಾಜೆಕ್ಟಿನೊಂದಿಗೆ ಸಂಬಂಧವೇ ಇರಲಾರದು. ಕೋಡಿನ ಆವೃತ್ತಿಗಳನ್ನು ಕಾದಿಡುವ ಗಿಟ್‌ನಿಂದ ಹೊಸದಾಗಿ ಬೇರೊಂದು ಫೋಲ್ಡರಿಗೆ ಕ್ಲೋನ್ (ಪ್ರತಿ) ಮಾಡಿಕೊಂಡು ಅಲ್ಲಿಂದ ಪಬ್ಲಿಶ್ ಮಾಡಿರಿ. ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಇರುವ, ಗಿಟ್‌ಗೆ ಸೇರದ ಜೇಸನ್ (ಸೆಟ್ಟಿಂಗಿನಂಥ ಮಾಹಿತಿ ಬರೆದಿಡುವ) ಫೈಲುಗಳೂ ಇದರಿಂದ ಬಯಲಾಗುತ್ತವೆ.

ಔಟ್‌ಪುಟ್ ಫೋಲ್ಡರು ಪ್ರಾಜೆಕ್ಟ್ ಫೋಲ್ಡರಿನ ಒಳಗೆ ಇರಬಾರದು. ಇದು ಬಹಳ ಜನ ಎಡವುವ ಜಾಗ. ವೆಬ್ ಪ್ರಾಜೆಕ್ಟುಗಳಲ್ಲಿ ಎಸ್‌ಡಿಕೆ, ಅಂದರೆ ಡಾಟ್‌ನೆಟ್‌ನ ಬಿಲ್ಡ್ ಉಪಕರಣಗಳ ಕಟ್ಟು, ತಾನಾಗಿಯೇ ಎಲ್ಲ ಒಳಫೋಲ್ಡರುಗಳ ಜೇಸನ್ ಮತ್ತು ಕಾನ್ಫಿಗ್ ಫೈಲುಗಳನ್ನು ಕಂಟೆಂಟ್ ಎಂದು ಎತ್ತಿಕೊಳ್ಳುತ್ತದೆ. ಬಿನ್, ಆಬ್ಜ್, ನೋಡ್ ಮಾಡ್ಯೂಲ್ಸ್‌ನಂಥ ಕೆಲವು ಫೋಲ್ಡರುಗಳನ್ನು ಮಾತ್ರ ಬಿಡುತ್ತದೆ. ನೀವು ಪ್ರಾಜೆಕ್ಟಿನ ಒಳಗೇ ಪಬ್ಲಿಶ್ ಎಂಬ ಫೋಲ್ಡರು ಮಾಡಿಕೊಂಡಿದ್ದರೆ, ಎರಡನೇ ಸಲ ಪಬ್ಲಿಶ್ ಮಾಡುವಾಗ ಮೊದಲನೆಯದರ ಜೇಸನ್ ಫೈಲುಗಳೂ ಕಂಟೆಂಟ್ ಆಗಿ ಎಣಿಕೆಗೆ ಬಂದು, ಪಬ್ಲಿಶ್ ಒಳಗೆ ಇನ್ನೊಂದು ಪಬ್ಲಿಶ್ ಹುಟ್ಟುತ್ತದೆ, ಮೂರನೇ ಸಲ ಅದರೊಳಗೆ ಮತ್ತೊಂದು. ಔಟ್‌ಪುಟ್ಟನ್ನು ಪ್ರಾಜೆಕ್ಟಿನ ಹೊರಗಿನ ಫೋಲ್ಡರಿಗೆ ಕಳಿಸಿರಿ, ಇಲ್ಲವೇ ಎಸ್‌ಡಿಕೆ ತಾನೇ ಆರಿಸುವ ಬಿನ್ ಒಳಗಿನ ಜಾಗವನ್ನೇ ಒಪ್ಪಿಕೊಳ್ಳಿರಿ.

ಕಾನ್ಫಿಗರೇಶನ್ ರಿಲೀಸ್ ಆಗಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಡಾಟ್‌ನೆಟ್ 8 ಅಥವಾ ಅದಕ್ಕಿಂತ ಹೊಸದನ್ನು ಗುರಿಯಾಗಿಟ್ಟುಕೊಂಡ ಪ್ರಾಜೆಕ್ಟುಗಳಲ್ಲಿ ಪಬ್ಲಿಶ್ ಆಜ್ಞೆ ತಾನಾಗಿಯೇ ರಿಲೀಸ್ ಹಿಡಿಯುತ್ತದೆ. ಅದಕ್ಕೆ ಹಿಂದಿನವುಗಳಲ್ಲಿ ನೀವು ಹೇಳದಿದ್ದರೆ ಡೀಬಗ್, ಅಂದರೆ ದೋಷ ಹುಡುಕುವಾಗಿನ ಬಿಲ್ಡ್, ಆಗಿಬಿಡುತ್ತದೆ.

ಹಂತ 2: ಪಟ್ಟಿ ಮಾಡಿ, ಪ್ರತಿ ಫೈಲಿಗೂ ಎರಡು ಪ್ರಶ್ನೆ ಕೇಳಿ

ಪವರ್‌ಶೆಲ್‌ನಲ್ಲಿ ಇಡೀ ಫೋಲ್ಡರಿನ ಫೈಲುಗಳನ್ನು ಒಳಫೋಲ್ಡರುಗಳ ಸಮೇತ ಪಟ್ಟಿ ಮಾಡಿ, ಗಾತ್ರದ ಇಳಿಕೆಯ ಕ್ರಮದಲ್ಲಿ ಜೋಡಿಸಿ, ಒಂದು ಪಠ್ಯ ಫೈಲಿಗೆ ಬರೆಸಿಕೊಳ್ಳಿ. ಈ ಪಟ್ಟಿಯನ್ನು ಎಸೆಯಬೇಡಿ. ಕೊನೆಯ ಹಂತದಲ್ಲಿ ಮತ್ತೆ ಬೇಕಾಗುತ್ತದೆ.

ಪ್ರತಿಯೊಂದು ಸಾಲಿಗೂ ಕೇಳಬೇಕಾದ್ದು ಇಷ್ಟು: ಇದನ್ನು ಇಲ್ಲಿಗೆ ತಂದವರು ಯಾರು, ಇದನ್ನು ಓಡುವಾಗ ಓದುವವರು ಯಾರು? ಎರಡನೆಯ ಪ್ರಶ್ನೆಗೆ ಉತ್ತರ ‘ಯಾರೂ ಇಲ್ಲ’ ಎಂದಾದರೆ ಮಾತ್ರ ಮೊದಲನೆಯ ಪ್ರಶ್ನೆಯ ಬೆನ್ನು ಹತ್ತಬೇಕು. ಫೈಲಿನ ಮೂಲ ಹುಡುಕಲು ಪಬ್ಲಿಶ್ ಆಜ್ಞೆಗೆ ಬಿಎಲ್ ಎಂಬ ಆಯ್ಕೆ ಸೇರಿಸಿದರೆ ಬಿನ್‌ಲಾಗ್ ಎಂಬ ಫೈಲು ಹುಟ್ಟುತ್ತದೆ. ಅದನ್ನು ಎಂಎಸ್‌ಬಿಲ್ಡ್ ಸ್ಟ್ರಕ್ಚರ್ಡ್ ಲಾಗ್ ವ್ಯೂವರ್‌ನಲ್ಲಿ ತೆರೆದು ಅನುಮಾನದ ಫೈಲಿನ ಹೆಸರನ್ನು ಹುಡುಕಿದರೆ, ಯಾವ ಪ್ಯಾಕೇಜು (ಸಿದ್ಧ ಕೋಡಿನ ಕಟ್ಟು), ಬಿಲ್ಡಿನ ಯಾವ ಟಾರ್ಗೆಟ್ (ಹಂತ) ಅದನ್ನು ಪಟ್ಟಿಗೆ ಸೇರಿಸಿತು ಎಂಬುದು ಕಾಣುತ್ತದೆ. ಬಿನ್‌ಲಾಗ್‌ನಲ್ಲಿ ನಿಮ್ಮ ಕಂಪ್ಯೂಟರಿನ ಎನ್ವಿರಾನ್‌ಮೆಂಟ್ ವೇರಿಯಬಲ್ಲುಗಳೂ ಸೇರಿರಬಹುದು; ಅವುಗಳಲ್ಲಿ ಕೀಲಿ, ಪಾಸ್‌ವರ್ಡು ಇದ್ದರೆ ಆ ಫೈಲನ್ನು ಯಾರಿಗೂ ಕಳಿಸಬಾರದು. ನೇರವಾಗಿ ಸೇರಿಸದ ಪ್ಯಾಕೇಜು ಯಾವ ದಾರಿಯಿಂದ ಬಂತೆಂದು ತಿಳಿಯಲು ಹೊಸ ಎಸ್‌ಡಿಕೆಗಳಲ್ಲಿ ‘ಡಾಟ್‌ನೆಟ್ ನುಗೆಟ್ ವೈ’ ಎಂಬ ಆಜ್ಞೆ ಇದೆ.

ಹಂತ 3: ಮುಟ್ಟಬಾರದವನ್ನು ಮೊದಲು ಬದಿಗಿಡಿ

ನೋಡಲು ಅನಾವಶ್ಯಕವೆನಿಸಿ, ತೆಗೆದೊಡನೆ ಕೆಲಸ ಕೆಡಿಸುವ ಕೆಲವು ಫೈಲುಗಳಿವೆ. ರನ್‌ಟೈಮ್‌ಕಾನ್ಫಿಗ್ ಜೇಸನ್ ಫೈಲು ಯಾವ ಫ್ರೇಮ್‌ವರ್ಕಿನ ಯಾವ ಆವೃತ್ತಿ ಬೇಕೆಂದು ಹೇಳುತ್ತದೆ. ಅದಿಲ್ಲದಿದ್ದರೆ ಫ್ರೇಮ್‌ವರ್ಕನ್ನು ಅವಲಂಬಿಸಿದ ಅಪ್ಲಿಕೇಶನ್ ಎದ್ದೇಳುವುದೇ ಇಲ್ಲ. ಡಿಪ್ಸ್ ಜೇಸನ್ ಫೈಲು ಯಾವ ಡಿಎಲ್‌ಎಲ್ (ಕೋಡಿನ ಲೈಬ್ರರಿ ಫೈಲು) ಎಲ್ಲಿದೆ ಎಂಬ ಜಮಾಪಟ್ಟಿ. ಅದರಲ್ಲಿ ಹೆಸರಿರುವ ಡಿಎಲ್‌ಎಲ್ಲನ್ನು ನೀವು ಕೈಯಿಂದ ತೆಗೆದರೆ, ಆ ಕೋಡು ಎಂದೂ ಓಡದಿದ್ದರೂ ಸರಿ, ಪ್ರೋಗ್ರಾಂ ಶುರುವಿನಲ್ಲೇ ನಿಲ್ಲುತ್ತದೆ. ವೆಬ್ ಡಾಟ್ ಕಾನ್ಫಿಗ್ ವಿಂಡೋಸ್‌ನ ವೆಬ್ ಸರ್ವರಾದ ಐಐಎಸ್‌ಗೆ ಬೇಕು, ಅದು ಇಲ್ಲದಿದ್ದರೆ ಐಐಎಸ್ ನಿಮ್ಮ ಅಪ್ಲಿಕೇಶನ್ನನ್ನು ನಡೆಸಲಾರದು ಎಂಬುದಷ್ಟೇ ಅಲ್ಲ, ಒಳಗಿರಬೇಕಾದ ಫೈಲುಗಳನ್ನು ಹೊರಗಿನವರಿಗೆ ಬಡಿಸುವ ಅಪಾಯವೂ ಇದೆ.

ಇವುಗಳಿಗಿಂತ ಮೋಸದ್ದು ನೇಟಿವ್ ಡಿಎಲ್‌ಎಲ್‌ಗಳು, ಅಂದರೆ ಆಯಾ ಬಗೆಯ ಯಂತ್ರಕ್ಕೆಂದೇ ತಯಾರಾದವು. ಎಸ್‌ಕ್ಯೂಎಲ್ ಸರ್ವರ್ ಬಳಸುವ ಪ್ರಾಜೆಕ್ಟಿನಲ್ಲಿ ಎಸ್‌ಎನ್‌ಐ ಎಂದು ಹೆಸರು ಮುಗಿಯುವ ಒಂದು ಡಿಎಲ್‌ಎಲ್ ಇರುತ್ತದೆ. ನಿಮ್ಮ ಕೋಡಿನಲ್ಲೆಲ್ಲೂ ಆ ಹೆಸರು ಸಿಗುವುದಿಲ್ಲ, ಆದರೆ ವಿಂಡೋಸ್‌ನಲ್ಲಿ ಡೇಟಾಬೇಸಿನ ಮೊದಲ ಸಂಪರ್ಕಕ್ಕೆ ಅದೇ ಬೇಕು. ಕೋಡಿನಲ್ಲಿ ಹುಡುಕಿ ಸಿಗಲಿಲ್ಲ ಎಂಬುದು ಫೈಲು ಬೇಡ ಎನ್ನುವುದಕ್ಕೆ ಸಾಕ್ಷಿಯಾಗದು.

ಡಾಟ್‌ನೆಟ್ 9ರಿಂದ ಈಚೆಗೆ, ಬ್ರೌಸರಿಗೆ ಹೋಗುವ ಫೈಲುಗಳಿರುವ ಡಬ್ಲ್ಯುಡಬ್ಲ್ಯುಡಬ್ಲ್ಯುರೂಟ್ ಫೋಲ್ಡರಿನ ಒಳಗೆ ಒಂದೇ ಹೆಸರಿನ ಮೂರು ಫೈಲುಗಳು, ಮೂಲದ್ದೊಂದು, ಜಿಜೆಡ್ ಕೊನೆಯದೊಂದು, ಬಿಆರ್ ಕೊನೆಯದೊಂದು, ಕಾಣಬಹುದು. ಅವು ನಕಲುಗಳಲ್ಲ, ಬ್ರೌಸರಿಗೆ ಕಳಿಸಲೆಂದು ಮೊದಲೇ ಕುಗ್ಗಿಸಿಟ್ಟ ಪ್ರತಿಗಳು.

ಹಂತ 4: ಬೇರೆ ಯಂತ್ರಗಳಿಗಾಗಿ ಬಂದ ಫೈಲುಗಳು

ಗಾತ್ರದ ದೃಷ್ಟಿಯಿಂದ ದೊಡ್ಡ ಲಾಭ ಸಿಗುವುದು ಸಾಮಾನ್ಯವಾಗಿ ಇಲ್ಲಿ. ಯಾವ ಯಂತ್ರಕ್ಕೆ ಎಂದು ಹೇಳದೆ ಪಬ್ಲಿಶ್ ಮಾಡಿದರೆ, ನೇಟಿವ್ ಲೈಬ್ರರಿ ಇರುವ ಪ್ರತಿ ಪ್ಯಾಕೇಜೂ ತನ್ನಲ್ಲಿರುವ ಎಲ್ಲ ಯಂತ್ರಗಳ ಪ್ರತಿಗಳನ್ನು ‘ರನ್‌ಟೈಮ್ಸ್’ ಎಂಬ ಫೋಲ್ಡರಿನಲ್ಲಿ ಸುರಿಯುತ್ತದೆ. ನಾವು ತೂಕದ ಕಟ್ಟೆಯ ಲ್ಯಾಪ್‌ಟಾಪಿನಲ್ಲಿ ಎಸ್‌ಕ್ಯೂಲೈಟ್ ಎಂಬ ಚಿಕ್ಕ ಡೇಟಾಬೇಸ್ ಬಳಸುತ್ತೇವೆ. ಒಮ್ಮೆ ಆ ಫೋಲ್ಡರನ್ನು ಬಿಡಿಸಿ ನೋಡಿದಾಗ ಮ್ಯಾಕ್, ಲಿನಕ್ಸ್, ಎಆರ್‌ಎಂ ಪ್ರತಿಗಳ ನಡುವೆ ಎಸ್390ಎಕ್ಸ್ ಎಂಬ ಫೋಲ್ಡರೂ ಇತ್ತು. ಅದು ಐಬಿಎಂ ಮೇನ್‌ಫ್ರೇಮಿನದು. ದೊಡ್ಡ ಬ್ಯಾಂಕುಗಳ ಲೆಕ್ಕ ಹೊರುವ ಯಂತ್ರದ ಫೈಲನ್ನು ನಾವು ಪ್ರತಿ ಸಲವೂ ಹೊಸನಗರದ ಹಂಚಿನ ಕಟ್ಟಡದ ಕಂಪ್ಯೂಟರಿಗೆ ಕಳಿಸುತ್ತಿದ್ದೆವು.

ಪರಿಹಾರ ಸರಳವಾಗಿದೆ. ಪಬ್ಲಿಶ್ ಆಜ್ಞೆಗೆ ಆರ್ ಎಂಬ ಆಯ್ಕೆಯಲ್ಲಿ ವಿನ್-ಎಕ್ಸ್64 ಎಂದು ಕೊಡಿ, ಅಥವಾ ಪ್ರಾಜೆಕ್ಟ್ ಫೈಲಿನಲ್ಲಿ ರನ್‌ಟೈಮ್ ಐಡೆಂಟಿಫೈಯರ್ ಎಂಬ ಪ್ರಾಪರ್ಟಿಗೆ ಅದೇ ಬೆಲೆ ಬರೆಯಿರಿ. ಆಗ ರನ್‌ಟೈಮ್ಸ್ ಫೋಲ್ಡರಿನ ಗೊಡವೆಯಿಲ್ಲದೆ ಬೇಕಾದ ಒಂದೇ ಪ್ರತಿ ನೇರವಾಗಿ ಮೇಲಿನ ಫೋಲ್ಡರಿಗೆ ಬರುತ್ತದೆ. ಆದರೆ ಇದಕ್ಕೆ ಮೊದಲು ಗಿರಾಕಿಗಳ ಬಳಿ 32 ಬಿಟ್‌ನ ಹಳೆಯ ವಿಂಡೋಸ್ ಯಾವುದೂ ಉಳಿದಿಲ್ಲವೆಂದು ಫೋನು ಮಾಡಿ ಖಾತ್ರಿ ಮಾಡಿಕೊಳ್ಳಿ.

ಯಂತ್ರವನ್ನು ಹೇಳುವುದಕ್ಕೂ ರನ್‌ಟೈಮನ್ನು, ಅಂದರೆ ಪ್ರೋಗ್ರಾಮನ್ನು ಓಡಿಸುವ ಡಾಟ್‌ನೆಟ್‌ನ ಭಾಗವನ್ನು, ಜೊತೆಗೆ ಕಳಿಸುವುದಕ್ಕೂ ವ್ಯತ್ಯಾಸವಿದೆ. ಹಳೆಯ ಎಸ್‌ಡಿಕೆಗಳಲ್ಲಿ ಯಂತ್ರದ ಹೆಸರು ಕೊಟ್ಟೊಡನೆ ಸೆಲ್ಫ್ ಕಂಟೈನ್ಡ್ ಪಬ್ಲಿಶ್, ಅಂದರೆ ಇಡೀ ಡಾಟ್‌ನೆಟ್ ರನ್‌ಟೈಮ್ ಜೊತೆಗಿರುವ ಪಬ್ಲಿಶ್, ತಾನಾಗಿ ಆಗುತ್ತಿತ್ತು. ಡಾಟ್‌ನೆಟ್ 8ರಿಂದ ಹಾಗಾಗುವುದಿಲ್ಲ. ಎರಡೇ ಸಾಲಿನ ಪ್ರೋಗ್ರಾಮಾದರೂ ಸೆಲ್ಫ್ ಕಂಟೈನ್ಡ್ ಆದಾಗ ಸುಮಾರು 70 ಎಂಬಿ ಆಗುತ್ತದೆ, ವೆಬ್ ಅಪ್ಲಿಕೇಶನ್ ಇನ್ನೂ ಹೆಚ್ಚು. ಗಿರಾಕಿಯ ಕಂಪ್ಯೂಟರಿನಲ್ಲಿ ಒಮ್ಮೆ ರನ್‌ಟೈಮ್ ಹಾಕಿಸಿ ಬರುವುದು ಸಾಧ್ಯವಿದ್ದರೆ ಪ್ರತಿ ಸಲ ಈ ಹೊರೆ ಹೊರಬೇಕಾಗಿಲ್ಲ, ಮತ್ತು ರನ್‌ಟೈಮಿನ ಭದ್ರತಾ ತಿದ್ದುಪಡಿಯನ್ನು ಅಲ್ಲಿ ಹಾಕಿದರೆ ಅಪ್ಲಿಕೇಶನ್ ಮರು ಪಬ್ಲಿಶ್ ಇಲ್ಲದೆಯೇ ಅದನ್ನು ಹಿಡಿಯುತ್ತದೆ. ನನ್ನ ಮತ ಈ ಕಡೆಗೇ ಇದೆ. ಬೇರೆ ಸಾಫ್ಟ್‌ವೇರಿನವರು ಬಂದು ರನ್‌ಟೈಮನ್ನು ಕಿತ್ತುಹಾಕಿ ಹೋಗುವ ಕಡೆ ಮಾತ್ರ ನಾವು ಸೆಲ್ಫ್ ಕಂಟೈನ್ಡ್ ಕಳಿಸುತ್ತೇವೆ.

ಹಂತ 5: ಭಾಷೆಯ ಫೋಲ್ಡರುಗಳು

ಪಬ್ಲಿಶ್ ಫೋಲ್ಡರಿನಲ್ಲಿ ಎರಡೆರಡು ಅಕ್ಷರದ ಹೆಸರುಗಳ ಸಾಲೊಂದು ಕಾಣಿಸಿದರೆ ಅವು ಸ್ಯಾಟಲೈಟ್ ಅಸೆಂಬ್ಲಿಗಳ, ಅಂದರೆ ಒಂದೊಂದು ಭಾಷೆಯ ಪದಗಳಿರುವ ಡಿಎಲ್‌ಎಲ್‌ಗಳ, ಫೋಲ್ಡರುಗಳು. ಮೈಕ್ರೋಸಾಫ್ಟಿನ ರಾಸ್ಲಿನ್ (ಡಾಟ್‌ನೆಟ್ ಕಂಪೈಲರ್) ಪ್ಯಾಕೇಜುಗಳು ಹೀಗೆ 13 ಫೋಲ್ಡರುಗಳನ್ನು ತರುತ್ತವೆ: ಜೆಕ್, ಜರ್ಮನ್, ಸ್ಪ್ಯಾನಿಶ್, ಫ್ರೆಂಚ್, ಇಟಾಲಿಯನ್, ಜಪಾನಿ, ಕೊರಿಯನ್, ಪೋಲಿಶ್, ಬ್ರೆಜಿಲಿನ ಪೋರ್ಚುಗೀಸ್, ರಷ್ಯನ್, ಟರ್ಕಿಶ್ ಮತ್ತು ಎರಡು ಬಗೆಯ ಚೀನೀ ಲಿಪಿ. ಒಳಗಿರುವುದು ಬಹುಮಟ್ಟಿಗೆ ಆಯಾ ಪ್ಯಾಕೇಜಿನ ದೋಷ ಸಂದೇಶಗಳ ಅನುವಾದ. ಕನ್ನಡ ಅದರಲ್ಲಿಲ್ಲ.

ಸ್ಯಾಟಲೈಟ್ ರಿಸೋರ್ಸ್ ಲ್ಯಾಂಗ್ವೇಜಸ್ ಎಂಬ ಪ್ರಾಪರ್ಟಿಗೆ ಇಎನ್ ಎಂದು ಬರೆದರೆ ಇವೆಲ್ಲವೂ ಒಂದೇ ಏಟಿಗೆ ಹೋಗುತ್ತವೆ. ನಾನೂ ಹಾಗೆಯೇ ಮಾಡಿದೆ. ಫೋಲ್ಡರು ನೋಡಲು ಚೊಕ್ಕವಾಯಿತು, ಪರೀಕ್ಷೆಗಳೆಲ್ಲ ಪಾಸಾದವು, ಜಿಪ್ ತೀರ್ಥಹಳ್ಳಿ ಕಡೆಯ ಒಂದು ಸಂಘಕ್ಕೆ ಹೋಯಿತು. ಮರುದಿನ ಹತ್ತು ಗಂಟೆಗೆ ಅಲ್ಲಿನ ಗುಮಾಸ್ತರ ಫೋನು ಬಂತು. “ಏನ್ ಮಾರಾಯ್ರೇ, ಚೀಟಿ ಪೂರಾ ಇಂಗ್ಲಿಷ್ ಆಗಿದೆಯಲ್ಲ? ರೈತರು ಸಾಲಲ್ಲಿ ನಿಂತಿದ್ದಾರೆ, ಏನಂತ ಓದಿ ಹೇಳಲಿ?” ಎಂದರು. ತೂಕದ ಚೀಟಿಯ ಚಿತ್ರ ಕಳಿಸಿದರು: ಮೇಲೆ ಸಂಘದ ಹೆಸರು ಕನ್ನಡದಲ್ಲೇ ಇತ್ತು, ಏಕೆಂದರೆ ಅದು ಡೇಟಾಬೇಸಿನಿಂದ ಬರುವುದು, ಕೆಳಗೆ ‘ತೂಕ’, ‘ದರ’, ‘ಹಮಾಲಿ’, ‘ಕಡಿತ’ ಇರಬೇಕಾದ ಜಾಗದಲ್ಲೆಲ್ಲ ಇಂಗ್ಲಿಷ್ ಪದಗಳು ಕುಳಿತಿದ್ದವು.

ಆದದ್ದು ಇಷ್ಟು. ಚೀಟಿ ಮುದ್ರಿಸುವ ನಮ್ಮ ಕೋಡು ಬೇರೆ ಪ್ರಾಜೆಕ್ಟುಗಳಲ್ಲೂ ಬೇಕಾದ್ದರಿಂದ ಅದನ್ನು ನಾವೇ ನುಗೆಟ್ ಪ್ಯಾಕೇಜ್ ಮಾಡಿಟ್ಟುಕೊಂಡಿದ್ದೇವೆ, ಅದರ ಕನ್ನಡ ಪದಗಳು ಕೆಎನ್ ಎಂಬ ಸ್ಯಾಟಲೈಟ್ ಫೋಲ್ಡರಿನಲ್ಲಿವೆ. ಇಂಗ್ಲಿಷ್ ಮಾತ್ರ ಸಾಕು ಎಂದು ಬರೆದ ನನ್ನ ಸಾಲು ಟರ್ಕಿಶ್ ಜೊತೆಗೆ ಕನ್ನಡವನ್ನೂ ಹೊರಗಟ್ಟಿತ್ತು. ಸ್ಯಾಟಲೈಟ್ ಸಿಗದಿದ್ದಾಗ ಡಾಟ್‌ನೆಟ್ ಗೊಣಗುವುದಿಲ್ಲ. ಮುಖ್ಯ ಡಿಎಲ್‌ಎಲ್‌ನಲ್ಲಿರುವ ಮೂಲ ಭಾಷೆಯ ಪದಗಳಿಗೆ ಸದ್ದಿಲ್ಲದೆ ಇಳಿಯುತ್ತದೆ. ಅದಕ್ಕೇ ಲಾಗ್‌ನಲ್ಲಿ ಒಂದು ಸಾಲೂ ಇರಲಿಲ್ಲ.

ಆದ್ದರಿಂದ ನಮ್ಮಲ್ಲಿ ಈ ಪ್ರಾಪರ್ಟಿಯ ಬೆಲೆ ಇಎನ್, ಅರ್ಧವಿರಾಮ, ಕೆಎನ್ ಎಂದಿರಬೇಕು. ಕನ್ನಡದ ಪದಗಳನ್ನು ಕೆಎನ್-ಐಎನ್ ಎಂಬ ಹೆಸರಿನಲ್ಲಿ ಇಟ್ಟಿದ್ದರೆ ಅದನ್ನೇ ಬರೆಯಿರಿ, ಫೋಲ್ಡರಿನ ಹೆಸರೂ ಇಲ್ಲಿನ ಹೆಸರೂ ತಾಳೆಯಾಗಬೇಕು. ಪಬ್ಲಿಶ್ ಆದ ಮೇಲೆ ಕನ್ನಡ ಫೋಲ್ಡರು ಇದೆಯೇ ಎಂದು ನೋಡುವ ಒಂದು ಸಾಲನ್ನು ನಾವೀಗ ಬಿಲ್ಡ್ ಸ್ಕ್ರಿಪ್ಟಿನಲ್ಲೇ ಹಾಕಿದ್ದೇವೆ, ಇಲ್ಲದಿದ್ದರೆ ಜಿಪ್ ಆಗುವುದೇ ಇಲ್ಲ.

ಇದೇ ಜಾತಿಯ ಇನ್ನೊಂದು ಪ್ರಾಪರ್ಟಿ ಇನ್‌ವೇರಿಯಂಟ್ ಗ್ಲೋಬಲೈಸೇಶನ್. ಲಿನಕ್ಸ್ ಕಂಟೈನರುಗಳನ್ನು ಚಿಕ್ಕದಾಗಿಸಲು ಅದನ್ನು ಹಲವರು ಸೂಚಿಸುತ್ತಾರೆ. ಅದನ್ನು ಚಾಲೂ ಮಾಡಿದರೆ ದೇಶಭಾಷೆಗಳ ಮಾಹಿತಿಯೆಲ್ಲ ಹೋಗಿ, 1,00,000 ಎಂಬ ನಮ್ಮ ಅಲ್ಪವಿರಾಮದ ಕ್ರಮ ತಪ್ಪುತ್ತದೆ, ಕೆಎನ್-ಐಎನ್ ಕಲ್ಚರನ್ನು ಕೇಳಿದರೆ ಎಕ್ಸೆಪ್ಶನ್ ಬರುತ್ತದೆ. ಕನ್ನಡದಲ್ಲಿ ಚೀಟಿ ಕೊಡುವ ಯಾರೂ ಅದರ ಹತ್ತಿರ ಹೋಗಬಾರದು.

ಹಂತ 6: ಪಿಡಿಬಿ ಫೈಲುಗಳನ್ನು ಏನು ಮಾಡುವುದು

ರಿಲೀಸ್ ಕಾನ್ಫಿಗರೇಶನ್ನಿನಲ್ಲೂ ಪಿಡಿಬಿ ಫೈಲುಗಳು ಹುಟ್ಟುತ್ತವೆ, ಪಬ್ಲಿಶ್ ಫೋಲ್ಡರಿಗೂ ಬರುತ್ತವೆ. ಪ್ರೋಗ್ರಾಂ ಓಡಲು ಅವು ಬೇಕಿಲ್ಲ. ಆದರೆ ದೋಷವಾದಾಗ ಸ್ಟ್ಯಾಕ್ ಟ್ರೇಸ್‌ನಲ್ಲಿ (ದೋಷ ಹುಟ್ಟಿದ ದಾರಿಯ ವರದಿಯಲ್ಲಿ) ಫೈಲಿನ ಹೆಸರು ಮತ್ತು ಸಾಲಿನ ಸಂಖ್ಯೆ ಬರುವುದು ಅವುಗಳಿಂದಲೇ. ಅವಿಲ್ಲದಿದ್ದರೆ ಮೆಥಡ್ಡಿನ ಹೆಸರು ಮಾತ್ರ ಸಿಗುತ್ತದೆ. ಮಂಡಿಯಲ್ಲಿ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ ಎಂಬ ದರ್ಜೆಗಳಾಗಿ ಬೇರ್ಪಡಿಸಿದ ಮೇಲೆ ಕೆಳಗಿನ ದರದ ಗೊರಬಲು ಉಳಿದರೂ ಅದನ್ನು ಯಾರೂ ಚೆಲ್ಲುವುದಿಲ್ಲ, ಬೇರೆ ಚೀಲಕ್ಕೆ ತುಂಬಿ ಅದರ ಗಿರಾಕಿಗೆ ಕೊಡುತ್ತಾರೆ. ಪಿಡಿಬಿಯೂ ಹಾಗೆ, ಅದರ ಗಿರಾಕಿ ಸಂಘದ ಕಂಪ್ಯೂಟರಲ್ಲ, ನೀವು.

ಮೂರು ದಾರಿಗಳಿವೆ. ಡೀಬಗ್ ಟೈಪ್ ಎಂಬ ಪ್ರಾಪರ್ಟಿಗೆ ನನ್ ಎಂದು ಬರೆದರೆ ಪಿಡಿಬಿ ಹುಟ್ಟುವುದೇ ಇಲ್ಲ. ಇದು ಚಿಕ್ಕದು, ಆದರೆ ದೋಷದ ಬೆನ್ನು ಹತ್ತುವಾಗ ನೀವೇ ಕೈ ಹಿಸುಕಿಕೊಳ್ಳುತ್ತೀರಿ. ಎಂಬೆಡೆಡ್ ಎಂದು ಬರೆದರೆ ಅದು ಕುಗ್ಗಿ ಡಿಎಲ್‌ಎಲ್‌ನ ಒಳಗೇ ಸೇರುತ್ತದೆ. ಫೈಲುಗಳ ಸಂಖ್ಯೆ ಇಳಿಯುತ್ತದೆ, ಸಾಲಿನ ಸಂಖ್ಯೆಯೂ ಉಳಿಯುತ್ತದೆ, ಡಿಎಲ್‌ಎಲ್ ಮಾತ್ರ ಸ್ವಲ್ಪ ದಪ್ಪವಾಗುತ್ತದೆ. ಇಲ್ಲವೇ ಎಂದಿನ ಪೋರ್ಟಬಲ್ ಪಿಡಿಬಿಯನ್ನೇ ಹುಟ್ಟಿಸಿ, ಜಿಪ್ ಮಾಡುವಾಗ ಬಿಟ್ಟು, ನಿಮ್ಮಲ್ಲಿ ಆವೃತ್ತಿಯ ಸಂಖ್ಯೆಯೊಡನೆ ಕಾದಿಡಬಹುದು. ಹಾಗೆ ಕಾದಿಡುವುದಾದರೆ ಅದೇ ಬಿಲ್ಡಿನ ಪಿಡಿಬಿಯೇ ಬೇಕು, ಏಕೆಂದರೆ ಡಿಎಲ್‌ಎಲ್‌ಗೂ ಪಿಡಿಬಿಗೂ ಒಂದು ಗುರುತು ಹೊಂದಾಣಿಕೆಯಾಗಬೇಕು. ಇಂದು ತಿದ್ದಿದ ಕೋಡಿನಿಂದ ಹುಟ್ಟಿಸಿದ ಪಿಡಿಬಿ ಕಳೆದ ತಿಂಗಳ ಡಿಎಲ್‌ಎಲ್‌ಗೆ ಉಪಯೋಗಕ್ಕೆ ಬಾರದು.

ಫೋನಿನಲ್ಲೇ ದೋಷ ಬಿಡಿಸಬೇಕಾದ ನಮ್ಮಂಥವರಿಗೆ ಎಂಬೆಡೆಡ್ ಹೊಂದುತ್ತದೆ. ಒಂದೇ ತೊಡಕೆಂದರೆ ಪಿಡಿಬಿಯಲ್ಲಿ ಬಿಲ್ಡ್ ಮಾಡಿದ ಕಂಪ್ಯೂಟರಿನ ಪೂರ್ತಿ ದಾರಿ, ಬಳಕೆದಾರರ ಹೆಸರಿನ ಸಮೇತ, ಬರೆದಿರುತ್ತದೆ ಮತ್ತು ಅದು ಸ್ಟ್ಯಾಕ್ ಟ್ರೇಸ್‌ನಲ್ಲಿ ಹಾಗೆಯೇ ಕಾಣುತ್ತದೆ. ಪಾತ್‌ಮ್ಯಾಪ್ ಎಂಬ ಪ್ರಾಪರ್ಟಿಯಿಂದ ಆ ದಾರಿಯನ್ನು ಚಿಕ್ಕ ಹೆಸರೊಂದಕ್ಕೆ ಬದಲಿಸಿಕೊಳ್ಳಬಹುದು. ನಿಮ್ಮ ಸೊಲ್ಯೂಶನ್ನಿನಲ್ಲಿ ಐದಾರು ಪ್ರಾಜೆಕ್ಟುಗಳಿದ್ದರೆ ಪ್ರತಿಯೊಂದರಲ್ಲೂ ಬರೆಯುತ್ತ ಕೂರದೆ, ಮೇಲಿನ ಫೋಲ್ಡರಿನಲ್ಲಿ ಡೈರೆಕ್ಟರಿ ಡಾಟ್ ಬಿಲ್ಡ್ ಡಾಟ್ ಪ್ರಾಪ್ಸ್ ಎಂಬ ಫೈಲಿಟ್ಟು ಒಮ್ಮೆ ಬರೆದರೆ ಎಲ್ಲಕ್ಕೂ ಅನ್ವಯವಾಗುತ್ತದೆ.

ಹಂತ 7: ಎಕ್ಸ್‌ಎಂಎಲ್ ದಾಖಲೆಗಳು

ಡಿಎಲ್‌ಎಲ್‌ನ ಹೆಸರನ್ನೇ ಹೊತ್ತ ಎಕ್ಸ್‌ಎಂಎಲ್ ಫೈಲುಗಳು ಎಡಿಟರಿನಲ್ಲಿ ವಿವರಣೆ ತೋರಿಸಲು ಇರುವವು. ಪಬ್ಲಿಶ್ ಡಾಕ್ಯುಮೆಂಟೇಶನ್ ಫೈಲ್ ಮತ್ತು ಪಬ್ಲಿಶ್ ರೆಫರೆನ್ಸಸ್ ಡಾಕ್ಯುಮೆಂಟೇಶನ್ ಫೈಲ್ಸ್ ಎಂಬ ಪ್ರಾಪರ್ಟಿಗಳಿಗೆ ಫಾಲ್ಸ್ ಕೊಟ್ಟರೆ ಅವು ನಿಲ್ಲುತ್ತವೆ. ಸ್ವ್ಯಾಗರ್ (ಎಪಿಐ ವಿವರಣೆಯ) ಪುಟ ಕಟ್ಟುವ ಕೋಡು ಅವುಗಳಲ್ಲಿ ಒಂದನ್ನು ಹೆಸರು ಹಿಡಿದು ಓದುತ್ತಿದ್ದರೆ ಅದನ್ನು ಉಳಿಸಲೇಬೇಕು.

ಹಂತ 8: ಸೆಟ್ಟಿಂಗ್ಸ್ ಫೈಲುಗಳು, ಅಂದರೆ ಗುಟ್ಟಿನ ಮಾತು

ಕಿಲೋಬೈಟಿನ ಲೆಕ್ಕದಲ್ಲಿ ಇವು ಏನೂ ಅಲ್ಲ, ಆದರೆ ನನ್ನನ್ನು ಕೇಳಿದರೆ ಮೊದಲು ನೋಡಬೇಕಾದವು ಇವೇ. ಆಪ್‌ಸೆಟ್ಟಿಂಗ್ಸ್ ಡಾಟ್ ಡೆವಲಪ್‌ಮೆಂಟ್ ಡಾಟ್ ಜೇಸನ್ ಎಂಬ ಫೈಲು, ಹೇಳದಿದ್ದರೆ, ಪಬ್ಲಿಶ್ ಆಗಿಯೇ ಆಗುತ್ತದೆ. ಅದರಲ್ಲಿ ಕಚೇರಿಯ ಡೇಟಾಬೇಸಿನ ವಿಳಾಸವೂ ಪಾಸ್‌ವರ್ಡೂ ಇರುವುದು ಸಾಮಾನ್ಯ. ಗಿರಾಕಿಯ ಕಂಪ್ಯೂಟರಿನಲ್ಲಿ ಎನ್ವಿರಾನ್‌ಮೆಂಟ್ ಹೇಳದಿದ್ದರೆ ಪ್ರೊಡಕ್ಷನ್ ಎಂದೇ ಹಿಡಿಯುವುದರಿಂದ ಈ ಫೈಲನ್ನು ಯಾರೂ ಓದುವುದಿಲ್ಲ. ಆದರೆ ಯಾರೋ ಪರೀಕ್ಷೆಗೆಂದು ಡೆವಲಪ್‌ಮೆಂಟ್ ಎಂದು ಇಟ್ಟು ಮರೆತರೆ, ಸಂಘದ ಪ್ರೋಗ್ರಾಂ ನಮ್ಮ ಪರೀಕ್ಷಾ ಡೇಟಾಬೇಸನ್ನು ಹುಡುಕಲು ಹೊರಡುತ್ತದೆ.

ಪ್ರಾಜೆಕ್ಟ್ ಫೈಲಿನಲ್ಲಿ ಕಂಟೆಂಟ್ ಐಟಮ್ಮಿಗೆ ಅಪ್‌ಡೇಟ್ ಎಂದು ಈ ಫೈಲಿನ ಹೆಸರು ಕೊಟ್ಟು, ಕಾಪಿ ಟು ಪಬ್ಲಿಶ್ ಡೈರೆಕ್ಟರಿ ಎಂಬುದಕ್ಕೆ ನೆವರ್ ಎಂದು ಬರೆಯಿರಿ. ಇನ್‌ಕ್ಲೂಡ್ ಎಂದು ಬರೆದರೆ ಒಂದೇ ಫೈಲು ಎರಡು ಸಲ ಸೇರಿದೆ ಎಂಬ ದೋಷ ಬರುತ್ತದೆ, ಏಕೆಂದರೆ ಎಸ್‌ಡಿಕೆ ಆಗಲೇ ಅದನ್ನು ಸೇರಿಸಿಕೊಂಡಿರುತ್ತದೆ. ಪ್ಯಾಕೇಜ್ ಡಾಟ್ ಜೇಸನ್, ಅದರ ಲಾಕ್ ಫೈಲು, ಟಿಎಸ್‌ಕಾನ್ಫಿಗ್ ಇವೂ ಜೇಸನ್ ಎಂಬ ಒಂದೇ ಕಾರಣಕ್ಕೆ ಹೊರಡುವ ಫೈಲುಗಳು, ಅವಕ್ಕೂ ಇದೇ ಮದ್ದು. ಲಾಂಚ್‌ಸೆಟ್ಟಿಂಗ್ಸ್ ಫೈಲು ಪಬ್ಲಿಶ್ ಆಗುವುದಿಲ್ಲ, ಯೂಸರ್ ಸೀಕ್ರೆಟ್ಸ್ ಪ್ರಾಜೆಕ್ಟಿನ ಹೊರಗಿರುವುದರಿಂದ ಅದೂ ಹೋಗುವುದಿಲ್ಲ. ಪಾಸ್‌ವರ್ಡುಗಳನ್ನು ಅಲ್ಲಿಗೆ ಸಾಗಿಸುವುದೇ ಒಳ್ಳೆಯದು.

ಡಬ್ಲ್ಯುಡಬ್ಲ್ಯುಡಬ್ಲ್ಯುರೂಟ್ ಒಳಗಿರುವ ಮ್ಯಾಪ್ ಫೈಲುಗಳನ್ನೂ ಗಮನಿಸಿ. ಆ ಫೋಲ್ಡರಿನಲ್ಲಿರುವ ಯಾವುದನ್ನಾದರೂ ಬ್ರೌಸರಿನಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಸೋರ್ಸ್ ಮ್ಯಾಪಿನಿಂದ ನಿಮ್ಮ ಮೂಲ ಕೋಡು ಟಿಪ್ಪಣಿಗಳ ಸಮೇತ ಸಿಗಬಹುದು.

ಹಂತ 9: ಬಿಲ್ಡಿಗೆ ಮಾತ್ರ ಬೇಕಾದ ಪ್ಯಾಕೇಜುಗಳು

ರಾಸ್ಲಿನ್ ಹೆಸರಿನ ಡಿಎಲ್‌ಎಲ್‌ಗಳು, ಅಂದರೆ ಮೈಕ್ರೋಸಾಫ್ಟ್ ಕೋಡ್ ಅನಾಲಿಸಿಸ್ ಎಂದು ಶುರುವಾಗುವವು, ಲೆಕ್ಕದ ಸಾಫ್ಟ್‌ವೇರಿನಲ್ಲಿ ಕಂಡರೆ ಅನುಮಾನ ಪಡಿರಿ. ಅವು ಹೆಚ್ಚಾಗಿ ಡೇಟಾಬೇಸ್ ಲೈಬ್ರರಿಯಾದ ಎಂಟಿಟಿ ಫ್ರೇಮ್‌ವರ್ಕಿನ ಡಿಸೈನ್ ಪ್ಯಾಕೇಜಿನ ಬೆನ್ನು ಹತ್ತಿ ಬಂದಿರುತ್ತವೆ. ಮೈಗ್ರೇಶನ್ (ಡೇಟಾಬೇಸಿನ ರಚನೆ ಬದಲಿಸುವ ಕೋಡು) ಬರೆಯುವಾಗ ಮಾತ್ರ ಬೇಕಾದ ಆ ಪ್ಯಾಕೇಜಿಗೆ ಪ್ರೈವೇಟ್ ಅಸೆಟ್ಸ್ ಎಂಬಲ್ಲಿ ಆಲ್ ಎಂದಿರಬೇಕು. ಹಾಕಿಸುವಾಗ ಅದು ತಾನಾಗಿ ಬರುತ್ತದೆ, ಆದರೆ ಪ್ರಾಜೆಕ್ಟ್ ಫೈಲನ್ನು ‘ಚೊಕ್ಕ’ ಮಾಡಲು ಹೋದ ಯಾರೋ ಆ ಸಾಲನ್ನು ಅಳಿಸಿರುತ್ತಾರೆ. ನಮ್ಮಲ್ಲಿ ಆ ಯಾರೋ ನಾನೇ. ಸಾಲನ್ನು ಮರಳಿ ಬರೆದೊಡನೆ ಡಿಎಲ್‌ಎಲ್‌ಗಳೂ ಅವುಗಳ 13 ಭಾಷೆಗಳೂ ಪಬ್ಲಿಶ್‌ನಿಂದ ಮಾಯವಾದವು.

ಟ್ರಿಮ್ಮಿಂಗ್ ಬಗ್ಗೆ ಒಂದು ಮಾತು

ಪಬ್ಲಿಶ್ ಟ್ರಿಮ್ಡ್ ಎಂಬ ಪ್ರಾಪರ್ಟಿ ಸೆಲ್ಫ್ ಕಂಟೈನ್ಡ್ ಪಬ್ಲಿಶ್‌ನಲ್ಲಿ ಬಳಕೆಯಾಗದ ಕೋಡನ್ನೇ ಕತ್ತರಿಸುತ್ತದೆ. ರಿಫ್ಲೆಕ್ಷನ್ (ಓಡುವಾಗ ಹೆಸರು ಹಿಡಿದು ಕೋಡು ಹುಡುಕುವ ವಿಧಾನ) ನೆಚ್ಚಿದ ಕೋಡು ಯಾವುದನ್ನು ಬಳಸುತ್ತದೆ ಎಂಬುದು ಅದಕ್ಕೆ ಪೂರ್ತಿ ಕಾಣುವುದಿಲ್ಲವಾದ್ದರಿಂದ ಹಳೆಯ ಪ್ರಾಜೆಕ್ಟುಗಳಿಗೆ ನಾನು ಇದನ್ನು ಸೂಚಿಸುವುದಿಲ್ಲ; ವಿಂಡೋಸ್ ಫಾರ್ಮ್ಸ್ ಮತ್ತು ಡಬ್ಲ್ಯುಪಿಎಫ್‌ಗೆ ಇದರ ಬೆಂಬಲವೂ ಇಲ್ಲ. ಸಿಂಗಲ್ ಫೈಲ್ ಪಬ್ಲಿಶ್ ಫೈಲುಗಳ ಸಂಖ್ಯೆಯನ್ನು ಇಳಿಸುತ್ತದೆಯೇ ಹೊರತು ತೂಕವನ್ನಲ್ಲ: ಬೇಡದ್ದೆಲ್ಲ ಒಂದೇ ಮೂಟೆಯೊಳಗೆ ಕಾಣದಂತೆ ಕುಳಿತಿರುತ್ತದೆ, ಅಷ್ಟೆ. ಮೊದಲು ಬೇಡದ್ದನ್ನು ತೆಗೆದು ಆಮೇಲೆ ಮೂಟೆ ಕಟ್ಟಿರಿ.

ಹಂತ 10: ಪರೀಕ್ಷೆ ಮತ್ತು ಪಟ್ಟಿಯ ಕಾವಲು

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಹೊಸ ಖಾಲಿ ಫೋಲ್ಡರಿಗೆ ಪಬ್ಲಿಶ್ ಮಾಡಿ, ಹಿಂದಿನ ಪಟ್ಟಿಯೊಡನೆ ಹೋಲಿಸಿ. ಹೋಗಬೇಕೆಂದುಕೊಂಡದ್ದು ಮಾತ್ರ ಹೋಗಿದೆಯೇ ಎಂದು ಕಣ್ಣಾರೆ ನೋಡಿ. ಎರಡು ಪ್ರಾಪರ್ಟಿಗಳನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಆಮೇಲೆ ಹೇಳಲಾಗುವುದಿಲ್ಲ.

ನಂತರ ಡೆವಲಪ್‌ಮೆಂಟ್ ಉಪಕರಣಗಳಿಲ್ಲದ ಯಂತ್ರದಲ್ಲಿ ಓಡಿಸಬೇಕು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಸ್‌ಡಿಕೆ, ನುಗೆಟ್ ಕ್ಯಾಶೆ ಎಲ್ಲ ಇರುವುದರಿಂದ ಅಲ್ಲಿ ಓಡಿತು ಎಂಬುದಕ್ಕೆ ಹೆಚ್ಚು ಬೆಲೆಯಿಲ್ಲ. ವಿಂಡೋಸ್ ಪ್ರೊ ಇದ್ದರೆ ವಿಂಡೋಸ್ ಸ್ಯಾಂಡ್‌ಬಾಕ್ಸ್ ಇದಕ್ಕೆ ಹೇಳಿ ಮಾಡಿಸಿದ್ದು, ಮುಚ್ಚಿದೊಡನೆ ಅಳಿದುಹೋಗುವ ಹೊಚ್ಚ ಹೊಸ ವಿಂಡೋಸ್ ಅದು. ಅಲ್ಲಿ ಮುಖಪುಟ ತೆರೆಯಿತೆಂದು ನಿಲ್ಲಿಸಬೇಡಿ. ನೇಟಿವ್ ಡಿಎಲ್‌ಎಲ್‌ಗಳೂ ಭಾಷೆಯ ಫೈಲುಗಳೂ ಬಳಸುವ ಗಳಿಗೆಯಲ್ಲಷ್ಟೇ ಹುಡುಕಲ್ಪಡುವುದರಿಂದ, ಡೇಟಾಬೇಸಿಗೆ ಸಂಪರ್ಕ ಮಾಡಿ, ಒಂದು ಲಾಟಿನ ತೂಕ ನಮೂದಿಸಿ, ಚೀಟಿ ಮುದ್ರಿಸಿ, ಪಿಡಿಎಫ್ ತೆಗೆದು, ಬೇಕೆಂದೇ ಒಂದು ದೋಷ ಎಬ್ಬಿಸಿ ಲಾಗ್‌ನಲ್ಲಿ ಸಾಲಿನ ಸಂಖ್ಯೆ ಬಂದಿದೆಯೇ ಎಂದು ನೋಡಬೇಕು.

ಎಲ್ಲ ಸರಿಯಾದ ಮೇಲೆ ಫೈಲುಗಳ ಹೆಸರಿನ ಪಟ್ಟಿಯನ್ನು ಗಿಟ್‌ಗೆ ಸೇರಿಸಿ, ಪ್ರತಿ ಬಿಡುಗಡೆಗೂ ಹೊಸ ಪಟ್ಟಿಯನ್ನು ಇದರೊಂದಿಗೆ ಹೋಲಿಸುವಂತೆ ಸ್ಕ್ರಿಪ್ಟ್ ಬರೆಯಿರಿ. ಪ್ಯಾಕೇಜೊಂದನ್ನು ಮೇಲ್ದರ್ಜೆಗೇರಿಸಿದಾಗ ಹೊಸದಾಗಿ ಹತ್ತು ಫೈಲುಗಳು ನುಸುಳಿದರೆ ಅಂದೇ ಗೊತ್ತಾಗುತ್ತದೆ.

ಉಳಿದದ್ದು ಗಿರಾಕಿಯ ಕಂಪ್ಯೂಟರು. ಇಷ್ಟೆಲ್ಲ ಮಾಡಿ, ಹೊಸ ಜಿಪ್ಪನ್ನು ಹಳೆಯ ಫೋಲ್ಡರಿನ ಮೇಲೆಯೇ ಬಿಡಿಸಿದರೆ ನಾವು ತೆಗೆದ ಫೈಲುಗಳೆಲ್ಲ ಅಲ್ಲಿ ಹಾಗೆಯೇ ಉಳಿದಿರುತ್ತವೆ, ಹಳೆಯ ಡೆವಲಪ್‌ಮೆಂಟ್ ಸೆಟ್ಟಿಂಗ್ಸ್ ಸಮೇತ. ಆದ್ದರಿಂದ ಸೇವೆಯನ್ನು ನಿಲ್ಲಿಸಿ, ಹಳೆಯ ಫೋಲ್ಡರಿಗೆ ತಾರೀಕಿನ ಹೆಸರು ಕೊಟ್ಟು ಬದಿಗೆ ಸರಿಸಿ, ಹೊಸದನ್ನು ಖಾಲಿ ಫೋಲ್ಡರಿಗೆ ಬಿಡಿಸಿ, ಸಂಘದವರೇ ತಿದ್ದಿಕೊಂಡ ಸೆಟ್ಟಿಂಗ್ಸ್ ಫೈಲನ್ನೂ ಅವರ ಲೋಗೋ ಚಿತ್ರವನ್ನೂ ಮಾತ್ರ ಹಳೆಯದರಿಂದ ತಂದು ಹಾಕಿ ಸೇವೆಯನ್ನು ಮತ್ತೆ ಶುರು ಮಾಡಿರಿ. ಐಐಎಸ್ ಇದ್ದಲ್ಲಿ, ಬದಲಾವಣೆ ನಡೆಯುವಷ್ಟು ಹೊತ್ತು ಆಪ್_ಆಫ್‌ಲೈನ್ ಎಂಬ ಎಚ್‌ಟಿಎಂ ಪುಟವನ್ನು ಆ ಫೋಲ್ಡರಿನಲ್ಲಿಟ್ಟರೆ ಕೌಂಟರಿನಲ್ಲಿ ಕೂತವರಿಗೆ ದೋಷದ ಪುಟದ ಬದಲು ನೀವು ಬರೆದ ಕನ್ನಡದ ಎರಡು ಸಾಲು ಕಾಣುತ್ತದೆ. ಹಳೆಯ ಫೋಲ್ಡರನ್ನು ಮುಂದಿನ ಟೆಂಡರು ಮುಗಿಯುವವರೆಗಾದರೂ ಅಳಿಸಬೇಡಿ.